ಕಡತ ನಮ್ಮದು, ಕೀಲಿಕೈ ಯಾರದು?

ಲೆಕ್ಕವನ್ನು ಬರೆದವನು ಒಬ್ಬ, ಅದನ್ನು ಓದಲು ಅಪ್ಪಣೆ ಕೊಡುವವನು ಇನ್ನೊಬ್ಬ ಎಂಬಂತಾದರೆ ಆ ಲೆಕ್ಕ ಯಾರ ಸ್ವತ್ತು? ಕಂಪನಿಗಳೂ ಸರ್ಕಾರಗಳೂ ತಮ್ಮ ಗಣಕಗಳಲ್ಲಿರುವ ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು, ಖಾಸಗಿ ಸ್ವಾಮ್ಯದ ತಂತ್ರಾಂಶದಿಂದ ಮುಕ್ತ ತಂತ್ರಾಂಶಕ್ಕೆ ಸಾಗಿಸುತ್ತಿರುವ ಈ ದಿನಗಳಲ್ಲಿ ಇದು ತಂತ್ರಜ್ಞರ ಪ್ರಶ್ನೆಯಾಗಿಯೇ ಉಳಿದಿಲ್ಲ.

ದತ್ತಾಂಶವನ್ನು ಕೋಷ್ಟಕಗಳಾಗಿ ಜೋಡಿಸುವ ಇಂದಿನ ತತ್ತ್ವವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ತತ್ತ್ವ ಲೋಕದ ಸೊತ್ತಾಯಿತು. ಅದನ್ನು ಯಂತ್ರಕ್ಕಿಳಿಸಿದ ತಂತ್ರಾಂಶ ಮಾತ್ರ ಮಾರಾಟದ ಸರಕಾಯಿತು. 1977ರಲ್ಲಿ ಸ್ಥಾಪಿತವಾಗಿ ಮುಂದೆ ಒರಾಕಲ್ ಎಂದು ಹೆಸರಾದ ಕಂಪನಿ ಈ ವ್ಯಾಪಾರದಲ್ಲಿ ದೊಡ್ಡದಾಗಿ ಬೆಳೆಯಿತು. ಇತ್ತ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಮೊದಲಾದ ಸಂಶೋಧನೆಯು, 1996ರ ವೇಳೆಗೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಹೆಸರು ತಳೆದು, ಯಾರೂ ಓದಬಹುದಾದ, ತಿದ್ದಬಹುದಾದ, ಪರವಾನಗಿ ಶುಲ್ಕವಿಲ್ಲದೆ ಬಳಸಬಹುದಾದ ತಂತ್ರಾಂಶವಾಯಿತು. ಸರ್ಕಾರಿ ಕಾರ್ಯಗಳಲ್ಲಿ ಇಂಥ ತಂತ್ರಾಂಶಕ್ಕೇ ಆದ್ಯತೆ ಸಲ್ಲಬೇಕೆಂಬ ನೀತಿಯನ್ನು ಭಾರತ ಸರ್ಕಾರ 2015ರಲ್ಲಿ ಪ್ರಕಟಿಸಿತು.

ಹಾಗಾದರೆ ಎಲ್ಲರೂ ಒಮ್ಮೆಗೇ ಸಾಗಬಾರದೇಕೆ? ಗಂಟು ಇರುವುದು ಇಲ್ಲಿಯೇ. ಕೋಷ್ಟಕಗಳನ್ನು ಎತ್ತಿ ಇಡುವುದು ಸುಲಭ. ಅವುಗಳ ಸುತ್ತ ಬೆಳೆದ ನಡಾವಳಿಯನ್ನು ಸಾಗಿಸುವುದು ಕಷ್ಟ. ಬಡ್ಡಿಯನ್ನು ಎಣಿಸುವ, ಬಾಕಿಯನ್ನು ತಾಳೆ ನೋಡುವ ನಿಯಮಗಳು ಅನೇಕ ವೇಳೆ ಮಾರಿದ ಕಂಪನಿಯ ಸ್ವಂತ ಭಾಷೆಯಲ್ಲಿರುತ್ತವೆ. ಚಿಕ್ಕದೊಂದು ಉದಾಹರಣೆಯನ್ನು ನೋಡಿ. ಷರಾ ಕಾಲಮ್ಮಿನಲ್ಲಿ ಏನೂ ಬರೆಯದೆ ಬಿಟ್ಟರೆ, ಒರಾಕಲ್ ಅದನ್ನು ‘ತಿಳಿಯದು’ ಎಂದೇ ಗ್ರಹಿಸುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಬರಿದಾದ ಬರಹ ಬೇರೆ, ತಿಳಿಯದ ಸಂಗತಿ ಬೇರೆ. ‘ಷರಾ ಇಲ್ಲ’ ಎಂಬುದಕ್ಕೂ ‘ಷರಾ ಏನೆಂದು ಗೊತ್ತಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಕಂದಾಯದ ಗುಮಾಸ್ತರಾದ ಯಾರೂ ಬಲ್ಲರು. ಇದನ್ನು ಗಮನಿಸದೆ ಸಾಗಿಸಿದರೆ ಒಂದು ಅಂಕಿಯೂ ಕಳೆಯದೆ ಲೆಕ್ಕ ಮಾತ್ರ ತಪ್ಪುತ್ತದೆ.

ಹುದಿಕೇರಿಯ ಕಾಫಿ ಬೆಳೆಗಾರರಿಗೆ ಈ ಚರ್ಚೆ ದೂರದ್ದೆಂದು ತೋರಬಹುದು. ಆದರೆ ಕೊಡಗಿನ ಚರಿತ್ರೆಯೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನು ಬರೆಯಿಸಿದ ಭೂಮಿಯ ಶಿಸ್ತು ಕನ್ನಡದಲ್ಲಿತ್ತು. 1834ರಲ್ಲಿ ನಾಡು ಇಂಗ್ಲಿಷರ ವಶವಾಯಿತು. ಅರಸು ಹೋದರೂ ಶಿಸ್ತು ಉಳಿಯಿತು; ಲಿಪಿ ಯಾರೊಬ್ಬರ ಸ್ವಾಮ್ಯದ್ದೂ ಅಲ್ಲದ್ದರಿಂದ ಹೊಸ ದೊರೆಗಳೂ ಹಳೆಯ ಲೆಕ್ಕವನ್ನು ಓದಿಸಿಕೊಳ್ಳಬಲ್ಲವರಾದರು. ಈ ಶತಮಾನದ ಆದಿಯಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದಂದಿನಿಂದ, ಮಣ್ಣಿನ ಹಕ್ಕೂ ಗಣಕದ ಕಡತವನ್ನೇ ನೆಚ್ಚಿದೆ.

ಮುಚ್ಚಿದ ಲಿಪಿಯ ಕಷ್ಟವನ್ನು ಕನ್ನಡಿಗರು ಒಮ್ಮೆ ಉಂಡವರೇ ಸರಿ. ಗಣಕದಲ್ಲಿ ಕನ್ನಡವನ್ನು ಮೂಡಿಸಿದ ಮೊದಲ ತಂತ್ರಾಂಶಗಳು ಒಂದೊಂದೂ ತನ್ನದೇ ಸಂಕೇತವನ್ನು ಬಳಸಿದುವು. ಒಂದರಲ್ಲಿ ಅಚ್ಚುಮಾಡಿದ ಲೇಖನ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಹಳೆಯ ಬರಹಗಳನ್ನು ಅದಕ್ಕೆ ಪರಿವರ್ತಿಸುವ ಶ್ರಮ ದಶಕಗಳನ್ನು ನುಂಗಿತು. ತಡಮಾಡಿದಷ್ಟೂ ಸಾಲ ಬೆಳೆಯುತ್ತದೆ ಎಂಬುದೇ ಅದರ ಪಾಠ.

ಮುಕ್ತವೆಂದ ಮಾತ್ರಕ್ಕೆ ಎಲ್ಲವೂ ಪುಕ್ಕಟೆಯಲ್ಲ. ಪರವಾನಗಿಯ ಹಣ ಉಳಿದರೂ ಬಲ್ಲವರ ಸಂಬಳ ತಪ್ಪದು. ಮುಕ್ತ ತಂತ್ರಾಂಶವೂ ಕೈ ಬದಲಾಯಿಸುವುದುಂಟು: ಪ್ರಸಿದ್ಧವಾದ ಮೈಎಸ್‌ಕ್ಯೂಎಲ್ 2010ರಲ್ಲಿ ಒರಾಕಲ್ ಒಡೆತನಕ್ಕೆ ಬಂತು. ಆದರೆ ಮೂಲಸಂಕೇತ ಬಯಲಲ್ಲಿದ್ದುದರಿಂದ, ಅದನ್ನು ಕಟ್ಟಿದವರಲ್ಲೊಬ್ಬರು ಅದರದೇ ಕವಲಾಗಿ ಮರಿಯಾಡಿಬಿಯನ್ನು ಬೆಳೆಸಲು ಸಾಧ್ಯವಾಯಿತು. ಸ್ವಾತಂತ್ರ್ಯವೆಂದರೆ ಇಷ್ಟೇ: ಬಿಟ್ಟುಹೋಗುವ ದಾರಿ ತೆರೆದಿರುವುದು.

ಆದಕಾರಣ ಸಾಗಣೆಗೆ ಹೊರಟ ಸಂಸ್ಥೆ ಅವಸರಪಡಬಾರದು, ಅಂಜಲೂಬಾರದು. ಹಳೆಯ ನಿಯಮಗಳ ಅರ್ಥವನ್ನು ಬಲ್ಲ ನೌಕರರು ನಿವೃತ್ತರಾಗುವ ಮುನ್ನ ಅವರಿಂದ ಅದನ್ನು ಬರೆಯಿಸಿಕೊಳ್ಳಬೇಕು. ಕೆಲವು ತಿಂಗಳು ಎರಡೂ ಲೆಕ್ಕಗಳನ್ನು ಜೊತೆಯಾಗಿ ನಡೆಸಿ ಪ್ರತಿ ತಿಂಗಳೂ ತಾಳೆ ನೋಡಬೇಕು. ಕಾಲೇಜುಗಳು ಒಂದು ಕಂಪನಿಯ ಸರಕನ್ನು ಬಳಸುವುದನ್ನಲ್ಲ, ಕಾಡ್ ಅವರ ತತ್ತ್ವವನ್ನು ಕಲಿಸಬೇಕು. ತತ್ತ್ವ ಬಲ್ಲ ವಿದ್ಯಾರ್ಥಿಗೆ ಯಾವ ಸರಕೂ ಸೆರೆಮನೆಯಾಗದು. ಮುಂದಿನ ಕರಾರಿಗೆ ರುಜು ಹಾಕುವ ಅಧಿಕಾರಿ ಬೆಲೆಯನ್ನು ವಿಚಾರಿಸುವ ಮೊದಲು ಒಂದೇ ಪ್ರಶ್ನೆಯನ್ನು ಕೇಳಲಿ: ನಾಳೆ ನಾವು ಹೊರಟರೆ, ನಮ್ಮ ಕಡತ ನಮ್ಮೊಡನೆ ಬರುತ್ತದೆಯೆ?