ಗೇರು ಜಾರಿದರೆ ಮೋಟರಿಗೇಕೆ ಬೈಗುಳ?

ನಂದಿಬೆಟ್ಟದ ಕಡಿದಾದ ತಿರುವೊಂದನ್ನು ಎಲೆಕ್ಟ್ರಿಕ್ ಮೌಂಟನ್ ಬೈಕಿನಲ್ಲಿ ಹತ್ತುತ್ತಿರುವ ಸವಾರನೊಬ್ಬನನ್ನು ಊಹಿಸಿಕೊಳ್ಳಿ. ಏರು ಜೋರಾಯಿತೆಂದು ಆತ ಹೆಬ್ಬೆರಳಿನಿಂದ ಗೇರಿನ ಗುಂಡಿ ಒತ್ತುತ್ತಾನೆ. ಹಿಂದಿನ ಚಕ್ರದ ಬಳಿ ‘ಕಟ ಕಟ’ ಸದ್ದು. ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲಾರದೆ, ಇದ್ದಲ್ಲಿಯೂ ಇರಲಾರದೆ ಒದ್ದಾಡಿ ಥಟ್ಟನೆ ಜಾರುತ್ತದೆ. ಬಲವಾಗಿ ತುಳಿಯುತ್ತಿದ್ದ ಕಾಲು ಪೆಡಲ್ ಸಮೇತ ಕೆಳಕ್ಕೆ ಕುಸಿದು, ಸವಾರ ಹ್ಯಾಂಡಲ್ ಮೇಲೆ ಮುಗ್ಗರಿಸುತ್ತಾನೆ. ಹಿಂದೆ ಕಾರೊಂದು ಹಾರ್ನ್ ಹೊಡೆಯುತ್ತಿದೆ.

ಮನೆಗೆ ಮರಳಿದ ಮೇಲೆ ಅವನ ಮೊದಲ ಮಾತು, ‘ಮೋಟರ್ ಕೈಕೊಟ್ಟಿತು’ ಎಂದು. ಬ್ಯಾಟರಿಯ ಮೇಲೂ ಗುಮಾನಿ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬಹುತೇಕ ಎಲೆಕ್ಟ್ರಿಕ್ ಸೈಕಲ್ಲುಗಳಲ್ಲಿ ಗೇರು ಬದಲಿಸುವುದು ಮೋಟರ್ ಅಲ್ಲ. ನೂರು ವರ್ಷಗಳಿಂದ ಸಾದಾ ಸೈಕಲ್ಲುಗಳಲ್ಲಿ ಅದನ್ನು ಮಾಡುತ್ತಿರುವ ತಂತಿ, ಸ್ಪ್ರಿಂಗು ಮತ್ತು ಚೈನುಗಳೇ ಇಲ್ಲಿಯೂ ಆ ಕೆಲಸ ಮಾಡುತ್ತವೆ. ಕೆಡುವುದೂ ಅವೇ. ಮೋಟರ್ ಮಾಡುವುದಿಷ್ಟೇ: ಇದ್ದ ಸಣ್ಣ ದೋಷವನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಬಡಪಾಯಿ ಚೈನು

ಹಿಂದಿನ ಚಕ್ರದ ಬಲಭಾಗದಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಹಲ್ಲುಚಕ್ರಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಸಾಮಾನ್ಯ ಸೈಕಲ್ಲಿನಲ್ಲಿ ಏಳು, ದುಬಾರಿಯದರಲ್ಲಿ ಹನ್ನೆರಡರವರೆಗೆ. ಅವುಗಳ ಕೆಳಗೆ ಎರಡು ಪುಟ್ಟ ಗಾಲಿಗಳನ್ನು ಹಿಡಿದು ತೂಗುವ ಭಾಗವೇ ಡಿರೇಲರ್. ಹ್ಯಾಂಡಲ್ ಬಳಿಯ ಗುಂಡಿ ಒತ್ತಿದಾಗ ಕೇಬಲ್ ಎಳೆಯುತ್ತದೆ, ಡಿರೇಲರ್ ಪಕ್ಕಕ್ಕೆ ಸರಿಯುತ್ತದೆ, ಓಡುತ್ತಿರುವ ಚೈನನ್ನು ಪಕ್ಕದ ಚಕ್ರದತ್ತ ತಳ್ಳುತ್ತದೆ. ಏಳು ಗೇರಿನ ಜೋಡಣೆಯಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ ಸುಮಾರು 5 ಮಿ.ಮೀ. ಅಂತರ. ಹನ್ನೆರಡು ಗೇರಿನದರಲ್ಲಿ ಅದು 4 ಮಿ.ಮೀ.ಗಿಂತಲೂ ಕಡಿಮೆ. ಗುರಿ ಕೂದಲೆಳೆಯಷ್ಟು ತಪ್ಪಿದರೂ ‘ಕಟ ಕಟ’ ಶುರು.

ಈ ಉಪಾಯಕ್ಕೆ ಮನ್ನಣೆ ಸುಲಭವಾಗಿ ಸಿಗಲಿಲ್ಲ. ಪ್ರಸಿದ್ಧ ‘ಟೂರ್ ಡಿ ಫ್ರಾನ್ಸ್’ ಸ್ಪರ್ಧೆ ಡಿರೇಲರನ್ನು ಒಪ್ಪಿಕೊಂಡದ್ದು 1937ರಲ್ಲಿ. ಅದಕ್ಕೂ ಮೊದಲು ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುವಿ ಹಾಕಿ ಗೇರು ಬದಲಿಸಬೇಕಿತ್ತು. ಒಂದು ಒತ್ತಿಗೆ ಒಂದು ಗೇರು ಖಚಿತವಾಗಿ ಬೀಳುವ ಏರ್ಪಾಡನ್ನು ಜಪಾನಿನ ಷಿಮಾನೊ ಕಂಪನಿ ತನ್ನ ರೇಸಿಂಗ್ ಸೈಕಲ್ ಭಾಗಗಳಲ್ಲಿ ತಂದದ್ದು 1984ರಲ್ಲಿ. ಅವೆಲ್ಲ ಮನುಷ್ಯನ ಕಾಲಿನ ಬಲವನ್ನು ಲೆಕ್ಕ ಹಾಕಿ ಮಾಡಿದವು.

ಆ ಬಲವಾದರೂ ಎಷ್ಟು? ಸಾಧಾರಣ ಆರೋಗ್ಯವಂತ ಒಂದು ಗಂಟೆ ಕಾಲ ತುಳಿದರೆ ಸರಾಸರಿ ನೂರು ವ್ಯಾಟ್ ಆಸುಪಾಸು. ನಮ್ಮ ದೇಶದ ನಿಯಮದಂತೆ ಮೋಟಾರು ವಾಹನವೆಂದು ಎಣಿಸಿಕೊಳ್ಳದ ಬ್ಯಾಟರಿ ಸೈಕಲ್ಲಿಗೆ ಇರುವ ಮಿತಿ 250 ವ್ಯಾಟ್, ಗಂಟೆಗೆ 25 ಕಿ.ಮೀ. ಅಂದರೆ ಸೈಕಲ್ಲಿನ ಮೋಟರ್ ಒಂದೇ ಎರಡು ಜೊತೆ ಕಾಲಿಗಿಂತ ಹೆಚ್ಚು. ಕಡಿದಾದ ಏರಿನಲ್ಲಿ ದುಬಾರಿ ಮೋಟರುಗಳು ಸ್ವಲ್ಪ ಹೊತ್ತು 500 ವ್ಯಾಟ್‌ಗೂ ಮೀರಿ ದುಡಿಯುತ್ತವೆ.

ಈ ಬಲ ಯಾವ ದಾರಿಯಲ್ಲಿ ಚಕ್ರ ಸೇರುತ್ತದೆ ಎಂಬುದು ಮುಖ್ಯ. ಮೋಟರ್ ಹಿಂದಿನ ಚಕ್ರದ ಗುಂಬದಲ್ಲೇ ಇದ್ದರೆ ಅದು ಚಕ್ರವನ್ನು ನೇರವಾಗಿ ತಿರುಗಿಸುತ್ತದೆ, ಚೈನಿನ ಮೇಲೆ ಬೀಳುವುದು ಕಾಲಿನ ಭಾರ ಮಾತ್ರ. ನಮ್ಮಲ್ಲಿ ಮಾರಾಟವಾಗುವ ಅಗ್ಗದ ಸೈಕಲ್ಲುಗಳಲ್ಲಿ ಹೆಚ್ಚಿನವು ಈ ಬಗೆಯವು. ಮೋಟರ್ ಪೆಡಲುಗಳ ನಡುವೆ ಇದ್ದರೆ ಅದರ ಬಲವೂ ಕಾಲಿನ ಬಲವೂ ಒಂದೇ ಚೈನಿನ ಮೂಲಕ ಹಾಯಬೇಕು. ಅಸಲಿ ಮೌಂಟನ್ ಬೈಕುಗಳು ಈ ಎರಡನೆಯ ಜಾತಿ. ಗೇರು ಬದಲಾಗುವ ಕ್ಷಣದಲ್ಲಿ ಚೈನು ಅರ್ಧ ಒಂದು ಚಕ್ರದ ಮೇಲೆ, ಅರ್ಧ ಇನ್ನೊಂದರ ಮೇಲೆ ಇರುತ್ತದೆ. ಆಗಲೇ ಇಬ್ಬರ ಬಲವೂ ಒಟ್ಟಿಗೆ ಜಗ್ಗಿದರೆ ಹಲ್ಲು ಸವೆಯುತ್ತದೆ, ಕೊಂಡಿ ಬಾಗುತ್ತದೆ, ಒಮ್ಮೊಮ್ಮೆ ಚೈನು ಕಡಿಯುತ್ತದೆ.

ಮೊದಲು ಸ್ವಿಚ್ ಆರಿಸಿ

ದೋಷ ಹುಡುಕುವ ಮೊದಲ ಹೆಜ್ಜೆ ಕಾಸಿಲ್ಲದ್ದು. ಮೋಟರಿನ ಸ್ವಿಚ್ ಆರಿಸಿ, ಸಾಧ್ಯವಾದರೆ ಬ್ಯಾಟರಿಯನ್ನೇ ತೆಗೆದಿಟ್ಟು, ಹಿಂದಿನ ಚಕ್ರ ನೆಲದಿಂದ ಮೇಲಿರುವಂತೆ ಸೈಕಲ್ ನಿಲ್ಲಿಸಬೇಕು. ಕೈಯಿಂದ ಪೆಡಲ್ ತಿರುಗಿಸುತ್ತ ಒಂದೊಂದೇ ಗೇರು ಹಾಕಿ ನೋಡಬೇಕು. ಸ್ವಿಚ್ ಆರಿಸದೆ ಈ ಪರೀಕ್ಷೆಗೆ ಇಳಿಯಬಾರದು. ಪೆಡಲ್ ತಿರುಗಿದೊಡನೆ ಮೋಟರ್ ಎಚ್ಚೆತ್ತುಕೊಂಡರೆ ಚೈನಿಗೂ ಹಲ್ಲಿಗೂ ನಡುವೆ ಬೆರಳು ಸಿಕ್ಕಿಕೊಂಡೀತು.

ಕೈಯಿಂದ ತಿರುಗಿಸಿದಾಗಲೂ ಗೇರು ತಡವರಿಸಿದರೆ ದೋಷ ಡಿರೇಲರ್, ಕೇಬಲ್ ಇಲ್ಲವೇ ಚಕ್ರದ ಜೋಡಣೆಯಲ್ಲಿದೆ. ಕೈಯಲ್ಲಿ ಸರಿಯಾಗಿದ್ದು ಏರಿನಲ್ಲಿ ಮಾತ್ರ ಜಾರಿದರೆ ದೋಷ ಸವೆದ ಚೈನಿನಲ್ಲಿದೆ, ಇಲ್ಲವೇ ಸವಾರನ ಅಭ್ಯಾಸದಲ್ಲಿದೆ. ಅರ್ಧ ರೋಗ ಇಲ್ಲೇ ಪತ್ತೆಯಾಯಿತು.

ಮುಂದೆ ಸೈಕಲ್ಲಿನ ಹಿಂದೆ ಕುಳಿತು ಡಿರೇಲರನ್ನು ನೋಡಬೇಕು. ಅದರ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದೊಂದಿಗೆ ಒಂದೇ ನೇರದಲ್ಲಿ ಇರಬೇಕು. ಒಳಕ್ಕೆ ವಾಲಿದ್ದರೆ ಸೈಕಲ್ ಎಂದೋ ಬಲಮಗ್ಗುಲಿಗೆ ಬಿದ್ದಿದೆ ಎಂದೇ ಅರ್ಥ. ಡಿರೇಲರನ್ನು ಚೌಕಟ್ಟಿಗೆ ಸೇರಿಸುವ ‘ಹ್ಯಾಂಗರ್’ ಎಂಬ ತುಂಡನ್ನು ಸಾಮಾನ್ಯವಾಗಿ ಮೆದು ಅಲ್ಯೂಮಿನಿಯಮ್ಮಿನಲ್ಲಿ ಮಾಡಿರುತ್ತಾರೆ. ಏಟು ಬಿದ್ದಾಗ ತಾನು ಬಾಗಿ ಚೌಕಟ್ಟನ್ನು ಉಳಿಸುವುದೇ ಅದರ ಕೆಲಸ. ಇಕ್ಕಳದಿಂದ ಎಳೆದು ನೆಟ್ಟಗೆ ಮಾಡಹೋದರೆ ಮುರಿಯುತ್ತದೆ. ಅಳತೆಯ ಸಲಕರಣೆ ಇರುವ ಮೆಕ್ಯಾನಿಕ್ ಬಳಿ ಹೋಗುವುದು ಇಲ್ಲವೇ ಹೊಸ ತುಂಡು ಹಾಕಿಸುವುದು ಮೇಲು. ಬಾಗಿದ್ದನ್ನು ಹಾಗೆಯೇ ಬಿಟ್ಟರೆ ಕಡೆಯ ಗೇರಿನಲ್ಲಿ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಹೊಕ್ಕು ಚಕ್ರವೇ ಹಿಡಿದು ನಿಂತೀತು.

ಪಂಕ್ಚರ್ ಹಾಕಿಸಿದ ಮರುದಿನವೇ ಗೇರು ಕೆಟ್ಟಿತೆಂಬ ದೂರಿಗೂ ಕಾರಣವುಂಟು. ಗುಂಬದಲ್ಲಿ ಮೋಟರ್ ಇರುವ ಚಕ್ರ ಭಾರದ್ದು, ಅದರ ಅಚ್ಚಿನಿಂದ ವೈರೂ ಹೊರಟಿರುತ್ತದೆ. ಆತುರದಲ್ಲಿ ಕೂರಿಸುವಾಗ ಅದು ಗಾಡಿಯಲ್ಲಿ ಪೂರ್ತಿ ಇಳಿಯದೆ ಸ್ವಲ್ಪ ಓರೆಯಾಗಿ ನಿಲ್ಲುವುದುಂಟು. ಚಕ್ರ ಸರಿದರೆ ಹಲ್ಲುಚಕ್ರಗಳೂ ಸರಿದಂತೆ. ಅಚ್ಚಿನ ನಟ್ಟು ಸಡಿಲಿಸಿ, ಚಕ್ರ ನೆಟ್ಟಗೆ ಕೂರಿಸಿ, ಮತ್ತೆ ಭದ್ರವಾಗಿ ಬಿಗಿದರೆ ಸಾಕು. ಅದಕ್ಕೂ ಮೊದಲು ಬೇರೆ ಯಾವ ತಿರುಪನ್ನೂ ಮುಟ್ಟಬಾರದು.

ಕಾಲು ಸುತ್ತಿನ ಚಿಕಿತ್ಸೆ

ಇವೆರಡೂ ಸರಿಯಿದ್ದರೆ ಸರದಿ ಕೇಬಲ್ಲಿನದು. ಹೊಸ ಕೇಬಲ್ ಕೆಲವು ವಾರಗಳಲ್ಲಿ ಸಡಿಲಾಗುವುದು ಸಹಜ. ಕೇಬಲ್ ಡಿರೇಲರನ್ನು ಇಲ್ಲವೇ ಗೇರಿನ ಗುಂಡಿಯನ್ನು ಸೇರುವಲ್ಲಿ ಕೈಯಿಂದಲೇ ತಿರುಗಿಸಬಹುದಾದ ಪುಟ್ಟ ತಿರುಪು ಇರುತ್ತದೆ. ಅದನ್ನು ಹೊರಬರುವಂತೆ ಬಿಚ್ಚಿದರೆ ಕೇಬಲ್ ಬಿಗಿಯಾಗುತ್ತದೆ, ಒಳಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಚೈನು ದೊಡ್ಡ ಚಕ್ರಕ್ಕೆ ಹತ್ತಲು ತಕರಾರು ಮಾಡಿದರೆ ಬಿಗಿ ಮಾಡಬೇಕು. ಚಿಕ್ಕ ಚಕ್ರಕ್ಕೆ ಇಳಿಯಲು ತಕರಾರು ಮಾಡಿದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಸಾಕು, ಮತ್ತೆ ಗೇರು ಹಾಕಿ ನೋಡಬೇಕು. ಸಡಿಲಿಸಿದರೂ ಇಳಿಯದಿದ್ದರೆ ಕೇಬಲ್ಲಿನ ಕೊಳವೆಯೊಳಗೆ ಮಣ್ಣು, ತುಕ್ಕು ಸೇರಿದೆ ಎಂದರ್ಥ. ಮಲೆನಾಡಿನ ಒಂದು ಮಳೆಗಾಲ ಕಳೆದ ಸೈಕಲ್ಲಿಗೆ ಇದು ಹೊಸದೇನಲ್ಲ. ಕೇಬಲ್ಲನ್ನೂ ಕೊಳವೆಯನ್ನೂ ಬದಲಿಸುವುದೇ ಲೇಸು.

ಡಿರೇಲರಿನ ಮೇಲೆ ‘ಎಚ್’ ಮತ್ತು ‘ಎಲ್’ ಎಂಬ ಎರಡು ತಿರುಪುಗಳಿವೆ. ಅವು ಚೈನಿನ ಓಡಾಟಕ್ಕೆ ಎರಡು ಕಡೆಯ ಬೇಲಿ. ಚೈನು ಹೊರಗೆ ಇಲ್ಲವೇ ಕಡ್ಡಿಗಳ ಕಡೆಗೆ ಬೀಳುತ್ತಿದ್ದರೆ ಮಾತ್ರ ಅವನ್ನು ತಿರುಗಿಸಬೇಕು. ನಡುವಿನ ಗೇರುಗಳ ತೊಂದರೆಗೆ ಅಲ್ಲಿ ಮದ್ದಿಲ್ಲ.

ಚೈನು ಸವೆದಿದೆಯೇ ಎಂದು ತಿಳಿಯಲು ಶಾಲೆಯ ಅಡಿಪಟ್ಟಿಯೇ ಸಾಕು. ಹೊಸ ಚೈನಿನ ಒಂದೊಂದು ಪಿನ್ನಿನ ನಡುವೆ ಸರಿಯಾಗಿ ಅರ್ಧ ಅಂಗುಲ. ಆದ್ದರಿಂದ ಒಂದು ಪಿನ್ನಿನ ಮೇಲೆ ಸೊನ್ನೆ ಇಟ್ಟರೆ ಇಪ್ಪತ್ತನಾಲ್ಕನೆಯ ಪಿನ್ನು 12 ಅಂಗುಲದ ಗೆರೆಯ ಮೇಲೆಯೇ ಬರಬೇಕು. ಅದು ಒಂದೂವರೆ ಮಿ.ಮೀ.ನಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು. ಮೂರು ಮಿ.ಮೀ. ದಾಟಿದ್ದರೆ ಹಲ್ಲುಚಕ್ರಗಳೂ ಅದರ ಜೊತೆ ಸವೆದಿರುತ್ತವೆ. ಆಗ ಹೊಸ ಚೈನು ಮಾತ್ರ ಹಾಕಿದರೆ ಅದು ಹಳೆಯ ಹಲ್ಲಿನ ಮೇಲೆ ಇನ್ನಷ್ಟು ಜಾರುತ್ತದೆ. ಅಗ್ಗದ ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಿದವನಿಗೆ ದುಬಾರಿ ಹಲ್ಲುಚಕ್ರಗಳ ಖರ್ಚು ಮುಂದಕ್ಕೆ ಹೋಗುತ್ತದೆ.

ಎಣ್ಣೆಯ ವಿಷಯದಲ್ಲಿ ಧಾರಾಳತನ ಬೇಡ. ಹಳೆಯ ಎಂಜಿನ್ ಆಯಿಲ್ ಸುರಿದರೆ ಬಯಲುಸೀಮೆಯ ದೂಳೆಲ್ಲ ಅಲ್ಲೇ ಮೆತ್ತಿ ಅರದಂತೆ ಉಜ್ಜುತ್ತದೆ. ಬಟ್ಟೆಯಿಂದ ಒರೆಸಿ, ಕೊಂಡಿಗೆ ಒಂದೊಂದೇ ಹನಿ ಚೈನ್ ಎಣ್ಣೆ ಬಿಟ್ಟು, ಮತ್ತೆ ಹೊರಗಿನ ಜಿಡ್ಡು ಒರೆಸಬೇಕು. ಡಿಸ್ಕ್ ಬ್ರೇಕಿಗೆ ಎಣ್ಣೆ ಸಿಡಿಯಬಾರದು, ಮೋಟರಿನ ಮೇಲೆ ಜೋರಾದ ನೀರು ಬಿಡಬಾರದು.

ಕಾಲಿಗೆ ಅರ್ಧ ಕ್ಷಣದ ಬಿಡುವು

ಇಷ್ಟೆಲ್ಲ ಸರಿಮಾಡಿಯೂ ಏರಿನ ನಡುವೆ ಪೂರ್ತಿ ಬಲದಲ್ಲಿ ತುಳಿಯುತ್ತಲೇ ಮೂರು ಗೇರು ಒಟ್ಟಿಗೆ ಒತ್ತುವವನ ಚೈನು ಬಾಳುವುದಿಲ್ಲ. ಇದು ತಯಾರಕರಿಗೂ ಗೊತ್ತು. ಹನ್ನೊಂದು, ಹನ್ನೆರಡು ಗೇರುಗಳ ಪೈಪೋಟಿ ನಡೆಯುತ್ತಿದ್ದ 2016ರಲ್ಲೇ ಅಮೆರಿಕದ ಸ್ರ್ಯಾಮ್ ಕಂಪನಿ ಬ್ಯಾಟರಿಯ ಮೌಂಟನ್ ಬೈಕಿಗೆಂದು ಬರೀ ಎಂಟು ಗೇರಿನ ಜೋಡಣೆ ತಂದಿತು. ಅದರಲ್ಲಿ ಒಂದು ಒತ್ತಿಗೆ ಒಂದೇ ಗೇರು, ಎಷ್ಟು ಅವಸರವಿದ್ದರೂ ಅಷ್ಟೇ. 2021ರಲ್ಲಿ ಷಿಮಾನೊ ಕೂಡ ದಪ್ಪ ಹಲ್ಲಿನ, ಹೆಚ್ಚು ಬಾಳಿಕೆಯ ಚಕ್ರಗಳನ್ನು ಹೊರತಂದಿತು. ಕೆಲವು ಸೈಕಲ್ಲುಗಳಲ್ಲಿ ಕೇಬಲ್ ಅಲುಗಿದ್ದನ್ನು ಗುರುತಿಸಿ ಮೋಟರನ್ನು ಅರೆಗಳಿಗೆ ತಡೆಯುವ ಸೆನ್ಸರ್ ಇದೆ.

ಅಂಥ ಸೌಲಭ್ಯವಿಲ್ಲದ ಸೈಕಲ್ಲಿಗೆ ಸವಾರನೇ ಸೆನ್ಸರ್. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬರಬೇಕು. ಗುಂಡಿ ಒತ್ತುವಾಗ ಪೆಡಲ್ ನಿಲ್ಲಿಸಬಾರದು, ಚೈನು ಓಡುತ್ತಿರಬೇಕು, ಆದರೆ ಕಾಲಿನ ಒತ್ತಡ ಅರ್ಧ ಸುತ್ತಿನಷ್ಟು ಹೊತ್ತು ಸಡಿಲಾಗಬೇಕು. ಕಾಲಿನ ಬಲ ಅಳೆಯುವ ಮೋಟರ್ ಆಗ ತಾನೂ ತಗ್ಗುತ್ತದೆ. ಪೆಡಲ್ ತಿರುಗುವುದನ್ನಷ್ಟೇ ನೋಡುವ ಅಗ್ಗದ ಮೋಟರ್ ತಗ್ಗುವುದಿಲ್ಲ. ಅಂಥ ಮೋಟರ್ ಪೆಡಲುಗಳ ನಡುವೆ ಇದ್ದರೆ ಬ್ರೇಕಿನ ಹಿಡಿಯನ್ನು ತುಸು ಮುಟ್ಟಬಹುದು. ಹಿಡಿಯಲ್ಲಿ ಮೋಟರ್ ಆರಿಸುವ ಸ್ವಿಚ್ ಇದ್ದರೆ ಬ್ರೇಕ್ ಹಿಡಿಯುವ ಮೊದಲೇ ಮೋಟರ್ ನಿಲ್ಲುತ್ತದೆ. ಈ ಅಭ್ಯಾಸವನ್ನು ಕಲಿಯಬೇಕಾದದ್ದು ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಬೆಟ್ಟದ ತಿರುವಿನಲ್ಲಲ್ಲ. ನಾಲ್ಕು ಸಂಜೆ ಸಾಕು, ಐದನೆಯ ದಿನ ಕಾಲು ತಾನಾಗಿಯೇ ಬಿಡುವು ಕೊಡತೊಡಗುತ್ತದೆ.