ಮಕ್ಕಳು ತಮ್ಮ ಪುಸ್ತಕವನ್ನು ತಾವೇ ಕಟ್ಟಲಿ

ಮಲೆನಾಡಿನ ಶಾಲೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಅರ್ಧ ಬರೆದ ನೋಟುಪುಸ್ತಕಗಳು ರದ್ದಿಗೆ ಹೋಗುತ್ತವೆ. ಜೂನ್ ತಿಂಗಳಲ್ಲಿ ಹೊಸ ಕಟ್ಟು ಬರುತ್ತದೆ. ಈ ಹಾಳೆ ಎಲ್ಲಿಂದ ಬಂತೆಂದು ಮಕ್ಕಳು ಕೇಳುವುದಿಲ್ಲ, ಹಿರಿಯರು ಹೇಳುವುದೂ ಇಲ್ಲ. ಆದರೆ ಅದರ ಕಥೆ ಊರಿನ ಹಿಂದಿನ ಗುಡ್ಡದಲ್ಲಿಯೇ ಇದೆ.

1936ರಲ್ಲಿ ಭದ್ರಾವತಿಯಲ್ಲಿಯೂ 1955ರಲ್ಲಿ ದಾಂಡೇಲಿಯಲ್ಲಿಯೂ ಕಾಗದದ ಕಾರ್ಖಾನೆಗಳು ಸ್ಥಾಪನೆಗೊಂಡವು. ಕಾರ್ಖಾನೆಗೆ ಅತ್ಯಲ್ಪ ದರದಲ್ಲಿ ದೊರೆತ ಬಿದಿರು ಬುಟ್ಟಿ ಹೆಣೆಯುವ ಮೇದಾರರಿಗೆ ದುಬಾರಿಯಾಯಿತು. ಬಿದಿರು ಬರಿದಾದಂತೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಹಬ್ಬಿದವು. ಭದ್ರಾವತಿಯ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೂ ಅದರ ನೆಡುತೋಪುಗಳ ಗುತ್ತಿಗೆಯನ್ನು ವಿರೋಧಿಸಿ 2020ರಲ್ಲಿ ಶಿವಮೊಗ್ಗ ಜಿಲ್ಲೆಯ ಜನ ಚಳವಳಿ ಹೂಡಬೇಕಾಯಿತು.

ಮಕ್ಕಳಿಗೆ ಈ ಚರಿತ್ರೆಯನ್ನು ಭಾಷಣದಿಂದ ಮನಗಾಣಿಸಲಾಗದು. ಕೈಯಿಂದ ಕಾಗದ ಮಾಡಿ, ಅಚ್ಚೊತ್ತಿ, ಪುಸ್ತಕ ಹೊಲಿಯುವ ಶಿಬಿರ ಅದನ್ನು ಮನಗಾಣಿಸಬಲ್ಲುದು. ರದ್ದಿಯನ್ನು ನೆನೆಸಿ, ಕುಟ್ಟಿ, ಜಾಲರಿಯ ಮೇಲೆ ಹರಡಿ, ಒತ್ತಿ, ಒಣಗಿಸಿ ಪಡೆದ ಒಂದು ಹಾಳೆಯನ್ನು ಯಾವ ಮಗುವೂ ಸುಮ್ಮನೆ ಹರಿದೆಸೆಯದು.

ಈ ವಿದ್ಯೆ ನಾಡಿಗೆ ಹೊಸತಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಡತದ ಹೆಸರು ಇಂದಿಗೂ ಕಚೇರಿಗಳಲ್ಲಿ ಉಳಿದಿದೆ, ವಸ್ತು ಮಾತ್ರ ಮರೆತುಹೋಗಿದೆ. ತಾಳೆಗರಿಯಲ್ಲಿ ಕಂಟದಿಂದ ಕೊರೆದು ಮಸಿ ತುಂಬಿದ ಓಲೆಗಳನ್ನು ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವು 1843ರಲ್ಲಿ ಹೊರಬಂದುದು ಕಲ್ಲಚ್ಚಿನಲ್ಲಿ.

ಇಂತಹ ಶಿಬಿರಗಳಿಂದ ಪಾಠದ ಸಮಯ ಹಾಳಾಗುತ್ತದೆಂಬ ಆಕ್ಷೇಪ ಪೋಷಕರಲ್ಲಿ ಸಹಜ. ಆದರೆ ಮರದ ತುಂಡಿನಲ್ಲಿ ಅಕ್ಷರವನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಕೊರೆಯುವ ಬಾಲಕಿ, ಒತ್ತಕ್ಷರದ ಸ್ಥಾನವನ್ನು ಎಂದಿಗೂ ಮರೆಯಲಾರಳು. ಅದೂ ಪಾಠವೇ.

ಎಚ್ಚರಿಕೆಯೂ ಅಗತ್ಯ. ಹಳೆಯ ಮುದ್ರಣಾಲಯದ ಸೀಸದ ಮೊಳೆಗಳು ವಿಷಕಾರಿ. ಅವು ನೋಡುವುದಕ್ಕಿರಲಿ, ಎಳೆಯ ಕೈಗಳಿಗೆ ಬೇಡ. ಶಿಬಿರದ ಹೆಸರಿನಲ್ಲಿ ಕಾಡಿನ ತೊಗಟೆ ಸುಲಿಯುವುದೂ ಸಲ್ಲದು. ರದ್ದಿ ಕಾಗದ, ಹಳೆಯ ಹತ್ತಿಬಟ್ಟೆ, ರಟ್ಟಿನ ಬದಲಿಗೆ ಬಿದ್ದ ಅಡಿಕೆ ಹಾಳೆ, ಇಷ್ಟು ಸಾಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಶ್ರೀತಾಳೆಯ ಗರಿಯನ್ನು ಕಡಿಯುವ ಬದಲು, ಪ್ರತಿ ಶಾಲೆಯ ಅಂಗಳದಲ್ಲಿ ಅದರ ಸಸಿಯೊಂದನ್ನು ನೆಡುವುದು ಲೇಸು.

ಅಡಿಕೆ ಕೊಯ್ಲು ಮುಗಿದು ಬಿಸಿಲು ಬಲಿತ ದಿನಗಳು ಕಾಗದ ಒಣಗಿಸಲು ಪ್ರಶಸ್ತ. ಶಾಲಾಭಿವೃದ್ಧಿ ಸಮಿತಿಗಳು ಆಗ ಎರಡು ಶನಿವಾರಗಳನ್ನು ಇದಕ್ಕೆ ಮೀಸಲಿಡಲಿ. ಊರಿನ ಹಳ್ಳದ, ಮರದ, ಹಕ್ಕಿಯ ಹೆಸರುಗಳನ್ನು ಮಕ್ಕಳೇ ಬರೆದು, ಅಚ್ಚೊತ್ತಿ, ಕಟ್ಟಿದ ಪುಸ್ತಕವೊಂದು ಪ್ರತಿ ಶಾಲೆಯ ಕಪಾಟಿನಲ್ಲಿರಲಿ. ಹಾಳೆಯ ಬೆಲೆ ಅರಿತ ಮಗು ನಾಳೆ ಕಾಡಿನ ಬೆಲೆ ಕೇಳದೆ ಇರದು.