ಅಪ್ಪನಿಗೆ ರೆಸ್ಟ್ ಕೊಟ್ಟು ನಾನು ಮಾಡಿದ ತಪ್ಪು

ಈ ವಾರ ಕೊಬ್ಬರಿ ರೇಟು, ನುಸಿ ರೋಗ ಯಾವುದೂ ಇಲ್ಲ. ಬೇರೆ ವಿಷಯ. ಬೇಜಾರಾದ್ರೂ ಪೂರ್ತಿ ಓದಿ.

ನಮ್ಮ ಕಡೆ ಎಲ್ಲರ ಬಾಯಲ್ಲೂ ಈಗ ಒಂದೇ ಮಾತು. "ಅಪ್ಪಂಗೆ ಏನೂ ಕೆಲಸ ಕೊಟ್ಟಿಲ್ಲ ಕಣಣ್ಣ, ಆರಾಮಾಗಿ ಟೀವಿ ನೋಡ್ಕೊಂಡು ಕೂತವ್ರೆ." ಹೇಳೋನಿಗೆ ಏನೋ ದೊಡ್ಡ ಸೇವೆ ಮಾಡಿದ ಹೆಮ್ಮೆ. ನಾನೂ ಹಾಗೇ ಹೇಳ್ಕೊಂಡು ತಿರುಗಿದವನೇ. ಇದು ಸೇವೆ ಅಲ್ಲ ಸ್ವಾಮಿ. ಎತ್ತನ್ನ ತಿಂಗಳುಗಟ್ಟಲೆ ಗೂಟಕ್ಕೆ ಕಟ್ಟಿದ್ರೆ ಏನಾಗುತ್ತೆ ಅಂತ ಗೊತ್ತಿರೋ ನಾವು, ಹೆತ್ತವರನ್ನ ಕಟ್ಟಿ ಹಾಕ್ತಿದ್ದೀವಿ.

ನಮ್ಮಪ್ಪಂಗೆ 76. ಎರಡು ವರ್ಷದ ಹಿಂದಿನವರೆಗೂ ದಿನಾ ಎರಡು ಹೊತ್ತು ಕ್ಯಾನ್ ಹಿಡ್ಕೊಂಡು ಡೈರಿಗೆ ಹೋಗೋರು. ಹಾಲು ಹಾಕೋಕೆ ಹತ್ತು ನಿಮಿಷ, ವಾಪಸ್ ಬರೋಕೆ ಒಂದೂವರೆ ಗಂಟೆ. ಫ್ಯಾಟ್ ಕಮ್ಮಿ ಬಂತು ಅಂತ ಜಗಳ, ಅರಳಿಕಟ್ಟೆ ಮೇಲೆ ಎಲೆಕ್ಷನ್ ಮಾತು, ಯಾರ ಮನೆ ಹಸು ಕರು ಹಾಕ್ತು ಅನ್ನೋ ಸುದ್ದಿ. "ಈ ವಯಸ್ಸಲ್ಲಿ ನಿಮಗ್ಯಾಕೆ" ಅಂತ ನಾನೇ ಬೈಕಲ್ಲಿ ಹಾಲು ಹಾಕಿ ಬರೋಕೆ ಶುರು ಮಾಡಿದೆ. ಆಮೇಲೆ ಹಸುಗಳನ್ನೂ ಮಾರಿಬಿಟ್ಟೆ.

ಆರು ತಿಂಗಳಲ್ಲಿ ಅಪ್ಪ ಶೇವ್ ಮಾಡಿಸೋದು ಬಿಟ್ರು. ಮುದ್ದೆ ಅರ್ಧಕ್ಕೆ ಬಿಟ್ಟು ಏಳೋರು. ರಾತ್ರಿ ಎರಡು ಗಂಟೆಗೆ ಜಗಲಿ ಮೇಲೆ ಕೂರೋರು. ನಾವು "ವಯಸ್ಸಾಯ್ತಲ್ಲ" ಅಂದ್ಕೊಂಡ್ವಿ. ಒಂದಿನ "ನಾನಿದ್ದು ಏನಾಗ್ಬೇಕು ಮಗ" ಅಂದಾಗ ಎದೆ ಧಸಕ್ ಅಂತು. ಡಾಕ್ಟರು ಇದು ವಯಸ್ಸಲ್ಲ, ಖಿನ್ನತೆ ಅಂದ್ರು. ಮಾತ್ರೆ ಬರೆದು ಕೇಳಿದ್ರು: "ಇವರು ದಿನಾ ಯಾರ ಜೊತೆ ಮಾತಾಡ್ತಾರೆ?" ನನ್ನ ಹತ್ರ ಉತ್ತರ ಇರಲಿಲ್ಲ.

"ಮನೆ ತುಂಬ ಜನ ಇದೀವಲ್ಲ" ಅಂತೀರಿ. ಮನೆಯವರು ಕೇಳೋದು ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ ಅಷ್ಟೇ. ಓರಗೆಯವರು ರೇಗಿಸ್ತಾರೆ, ಜಗಳ ಆಡ್ತಾರೆ, ಎರಡು ದಿನ ಕಾಣದಿದ್ರೆ "ಯಾಕ್ಲಾ ಬರ್ಲಿಲ್ಲ" ಅಂತ ಬಾಗಿಲಿಗೆ ಬರ್ತಾರೆ. ಕಟ್ಟೆ ಸೋಮಾರಿಗಳ ಜಾಗ ಅನ್ನೋರು ಇದನ್ನ ಯೋಚನೆ ಮಾಡಿ.

ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸೋ, ನಾವು ಸರಿಪಡಿಸಬಹುದಾದ 14 ಅಂಶ ಪಟ್ಟಿ ಮಾಡಿದೆ. ಬಿಪಿ, ಶುಗರ್, ಸಿಗರೇಟಿನ ಜೊತೆಗೇ ಜನರಿಂದ ದೂರ ಉಳಿಯೋದು, ಖಿನ್ನತೆ, ಕಿವಿ ಮಂದವಾಗೋದೂ ಅದರಲ್ಲಿದೆ. ಕಿವಿ ಕೇಳಿಸದೆ ನಾಚಿಕೆಯಿಂದ ಕಟ್ಟೆಗೆ ಬರೋದು ಬಿಟ್ಟವರು ನಿಮ್ಮೂರಲ್ಲೂ ಇದ್ದಾರೆ. ಮೊದಲು ಕಿವಿ ತೋರಿಸಿ.

ಇನ್ನು ಹೆಂಗಸರ ಕಥೆ ಕೇಳೋರೇ ಇಲ್ಲ. ಕಟ್ಟೆ ಯಾವತ್ತೂ ಗಂಡಸರದ್ದೇ. ಅಮ್ಮಂದಿರಿಗೆ ಮುಯ್ಯಾಳು, ಕಳೆ ಕೀಳೋದು, ಹುಣಸೆಹಣ್ಣು ಬಿಡಿಸೋದು, ಸೋಬಾನೆ, ಇವೇ ಕಟ್ಟೆ. ಕಳೆನಾಶಕ ಬಂತು, ಹುಣಸೆ ಮರದ ಮೇಲೇ ಗುತ್ತಿಗೆ ಹೋಯ್ತು. ಕೂಲಿ ಉಳೀತು ಅಂತ ಲೆಕ್ಕ ಹಾಕಿದ್ವಿ. ಅವರ ಗುಂಪು ಒಡೀತು ಅನ್ನೋದನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ.

ಗುಂಪು ಬಿಟ್ಟಿದ್ದಕ್ಕೆ ಮನಸ್ಸು ಕುಗ್ಗುತ್ತೆ, ಮನಸ್ಸು ಕುಗ್ಗಿದ್ರೂ ಗುಂಪು ಬಿಡ್ತಾರೆ. ಎರಡೂ ನಿಜ. ಹಾಗಾಗಿ ದಿನಾ ಬರೋರು ಬರದಿದ್ರೆ ಅದನ್ನೇ ಮೊದಲ ಸೂಚನೆ ಅಂತ ತಿಳ್ಕೊಳ್ಳಿ, ಹೋಗಿ ವಿಚಾರಿಸಿ. ಬರೀ ಕಟ್ಟೆಯಿಂದ ಎಲ್ಲ ವಾಸಿಯಾಗುತ್ತೆ ಅಂತ ನಾನು ಹೇಳ್ತಿಲ್ಲ. ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದು ಹಸು ಮತ್ತೆ ತಂದಿದ್ದೀನಿ. ಮೇವು, ಫೀಡ್ ಲೆಕ್ಕ ಹಾಕಿದ್ರೆ ಲಾಸೇ. ಅಪ್ಪ ಇನ್ನೂ ಮಾತ್ರೆ ತಗೋತಿದ್ದಾರೆ, ಆದ್ರೆ ಕ್ಯಾನ್ ಅವರ ಕೈಯಲ್ಲೇ ಇದೆ. ಮೊನ್ನೆ ಫ್ಯಾಟ್ ವಿಷಯಕ್ಕೆ ಡೈರೀಲಿ ಜೋರು ಗಲಾಟೆ ಮಾಡಿ ಬಂದ್ರು. ಕಾರ್ಯದರ್ಶಿ ಫೋನ್ ಮಾಡಿ ದೂರು ಹೇಳಿದ್ರು. ನಂಗೆ ಅವತ್ತು ನೆಮ್ಮದಿಯಾಗಿ ನಿದ್ದೆ ಬಂತು.

ನಿಮ್ಮನೆ ಹಿರಿಯರ ಕೈಯಿಂದ ನೀವು ಏನು ಕಿತ್ಕೊಂಡಿದ್ದೀರಿ? ಅದನ್ನ ಇವತ್ತೇ ವಾಪಸ್ ಕೊಡಿ.